ಚಾಕುವಿನ ಮೇಲೆ ಕಿರೀಟ, ಜಿ.ಆರ್. ಅಂತ ಇದೆ: ಇನ್ನೂರು ವರ್ಷ ಹಳೇದಾ?

ಪ್ರಶ್ನೆ: ನಮ್ಮ ಅಜ್ಜ ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ತೋಟ ಆಗ ಬಿಳಿ ದೊರೆಗಳ ಕೈಯಲ್ಲಿತ್ತು. ಮೊನ್ನೆ ಅಜ್ಜನ ಟ್ರಂಕು ತೆಗೆದಾಗ ಎರಡು ಅಲಗಿನ ಮಡಚುವ ಚಾಕು ಸಿಕ್ಕಿತು. ದೊರೆ ಕೊಟ್ಟದ್ದು ಅಂತ ಅಜ್ಜಿ ಹೇಳುತ್ತಿದ್ದರು. ದೊಡ್ಡ ಅಲಗಿನ ಬುಡದಲ್ಲಿ ಕಿರೀಟ, ಅದರ ಆಚೀಚೆ ಇಂಗ್ಲಿಷಿನ ಜಿ ಮತ್ತು ಆರ್, ಕೆಳಗೆ ‘ಜೋಸೆಫ್ ರಾಜರ್ಸ್ ಅಂಡ್ ಸನ್ಸ್, ಕಟ್ಲರ್ಸ್ ಟು ಹಿಸ್ ಮೆಜೆಸ್ಟಿ’ ಅಂತ ಇದೆ. ಜಿ.ಆರ್. ಅಂದರೆ ಜಾರ್ಜ್ ರಾಜ, 1820ರ ಕಾಲದ್ದು ಅಂತ ಒಬ್ಬರು ಹೇಳಿದರು. ನಿಜವಾಗಿ ಅಷ್ಟು ಹಳೆಯದಾ? ಇಂಥ ಚಾಕುಗಳ ವಯಸ್ಸು ಹೇಗೆ ತಿಳಿಯುವುದು? ಹಿಡಿ ಯಾವುದರದ್ದು, ಶುಚಿ ಮಾಡುವುದು ಹೇಗೆ ಅಂತಲೂ ತಿಳಿಸಿ. ಫೋಟೋ ಕಳಿಸಿದ್ದೇನೆ.

ಉತ್ತರ: ಇಲ್ಲ, ಅಷ್ಟು ಹಳೆಯದಲ್ಲ. ಬೇಜಾರು ಮಾಡ್ಕೋಬೇಡಿ. ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದರೆ ಚಿಕ್ಕ ಅಲಗಿನ ಬುಡದಲ್ಲಿ, ತುಕ್ಕಿನ ಅಡಿಯಲ್ಲಿ, ‘ಮೇಡ್ ಇನ್ ಇಂಗ್ಲೆಂಡ್’ ಅಂತ ಕಾಣುತ್ತದೆ. ಕಿರೀಟ ನೋಡಿದ ಖುಷಿಯಲ್ಲಿ ಅದು ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಆ ಮೂರು ಪದ ನಿಮ್ಮ ಚಾಕುವನ್ನು ಒಂದೇ ಏಟಿಗೆ ಸುಮಾರು ನೂರು ವರ್ಷ ಈಚೆಗೆ ತಂದುಬಿಡುತ್ತದೆ.

ಹಳೆ ಚಾಕು ಕೈಗೆ ಸಿಕ್ಕಿದಾಗ ಎಲ್ಲರೂ ಅದರ ಮೇಲಿನ ಅತಿ ಹಳೆಯ ಗುರುತನ್ನೇ ಹುಡುಕುತ್ತಾರೆ. ಹುಡುಕಬೇಕಾದ್ದು ಅತಿ ಹೊಸದನ್ನು. ಹಳೆ ಮುದ್ರೆಯನ್ನು ಹೊಸ ಚಾಕುವಿಗೂ ಹೊಡೆಯಬಹುದು. ಆದರೆ ಇನ್ನೂ ಹುಟ್ಟಿರದ ಗುರುತು ಹಳೆ ಚಾಕುವಿನ ಮೇಲೆ ಬರುವುದು ಹೇಗೆ? ಹಾಗಾಗಿ ಪ್ರತಿ ಗುರುತನ್ನೂ ‘ಇದಕ್ಕಿಂತ ಹಿಂದಿನದಲ್ಲ’ ಅಂತ ಓದಿ.

ಮೊದಲು ನಿಮ್ಮ ಕಿರೀಟದ ವಿಷಯಕ್ಕೇ ಬರೋಣ. ಇಂಗ್ಲೆಂಡಿನ ರಾಜ ರಾಣಿಯರ ಹೆಸರಿನ ಮೊದಲ ಅಕ್ಷರವನ್ನು ಕಿರೀಟದ ಒಂದು ಪಕ್ಕ, ಆರ್ ಅಕ್ಷರವನ್ನು ಇನ್ನೊಂದು ಪಕ್ಕ ಹೊಡೆಯುವುದು ಶೆಫೀಲ್ಡ್ ಚಾಕುಗಳಲ್ಲಿ ಮಾಮೂಲಿ. ಶೆಫೀಲ್ಡ್ ಅಂದರೆ ಚಾಕುಗಳಿಗೆ ಹೆಸರಾದ ಇಂಗ್ಲೆಂಡಿನ ಊರು, ನಿಮ್ಮ ರಾಜರ್ಸ್ ಕಂಪನಿಯೂ ಅಲ್ಲಿಯದೇ. ಆರ್ ಅಂದರೆ ಲ್ಯಾಟಿನ್ನಿನಲ್ಲಿ ರಾಜ ಅಥವಾ ರಾಣಿ. ವಿ.ಆರ್. ಇದ್ದರೆ ವಿಕ್ಟೋರಿಯಾ, 1837ರಿಂದ 1901. ಡಬ್ಲ್ಯು.ಆರ್. ಇದ್ದರೆ ನಾಲ್ಕನೇ ವಿಲಿಯಂ, 1830ರಿಂದ 37. ಇ.ಆರ್. ಅಂದರೆ ಸಾಮಾನ್ಯವಾಗಿ ಏಳನೇ ಎಡ್ವರ್ಡ್, 1901ರಿಂದ 1910. ಇಲ್ಲಿವರೆಗೆ ಗೊಂದಲ ಕಮ್ಮಿ. ತಲೆನೋವು ಜಾರ್ಜ್‌ಗಳದ್ದು, ಯಾಕೆಂದರೆ ಆ ಮನೆತನದಲ್ಲಿ ಜಾರ್ಜ್‌ಗಳು ಜಾಸ್ತಿ. ನಾಲ್ಕನೇ ಜಾರ್ಜ್ 1820ರಿಂದ 1830, ಐದನೆಯವನು 1910ರಿಂದ 1936, ಆರನೆಯವನು 1936ರಿಂದ 1952. ರಾಜರ್ಸ್ ಕಂಪನಿಗೆ ಅರಮನೆಯ ಮೊದಲ ಸನ್ನದು, ಅಂದರೆ ‘ರಾಜನಿಗೆ ಚಾಕು ಮಾಡುವವರು’ ಅಂತ ಹಾಕಿಕೊಳ್ಳುವ ಅನುಮತಿ, ಸಿಕ್ಕಿದ್ದು 1822ರಲ್ಲಿ, ನಾಲ್ಕನೇ ಜಾರ್ಜ್‌ನಿಂದ. ಅಂದರೆ ರಾಜರ್ಸ್ ಹೆಸರಿನ ಪಕ್ಕ ಜಿ.ಆರ್. ಇದ್ದರೆ ಅದಕ್ಕೆ ಎರಡೇ ಕಾಲ: 1822–30, ಇಲ್ಲವೇ 1910–52. ನಡುವೆ ಎಂಬತ್ತು ವರ್ಷ ಖಾಲಿ. ಮಾರುವವರಿಗೆ ಈ ಖಾಲಿ ಜಾಗ ಬಹಳ ಇಷ್ಟ. ಗಿರಾಕಿಯನ್ನು ಹಿಂದಿನ ದಡಕ್ಕೇ ಕರೆದುಕೊಂಡು ಹೋಗುತ್ತಾರೆ.

ಯಾವ ದಡ ಅಂತ ಹೇಳುವುದೇ ಆ ‘ಇಂಗ್ಲೆಂಡ್’ ಪದ. ಅಮೆರಿಕ 1890ರಲ್ಲಿ ಒಂದು ಸುಂಕದ ಕಾನೂನು ಮಾಡಿತು. 1891ರ ಮಾರ್ಚ್‌ನಿಂದ ಹೊರಗಿಂದ ಬರುವ ಸಾಮಾನಿನ ಮೇಲೆ ಯಾವ ದೇಶದ್ದು ಅಂತ ಇರಲೇಬೇಕು ಅಂತ. ಅಮೆರಿಕ ಆಗ ಶೆಫೀಲ್ಡ್‌ಗೆ ದೊಡ್ಡ ಗಿರಾಕಿ. ಹೀಗೆ ಅಲಗಿನ ಮೇಲೆ ಊರಿನ ಜೊತೆ ದೇಶದ ಹೆಸರೂ ಬಂತು. ‘ಮೇಡ್ ಇನ್ ಇಂಗ್ಲೆಂಡ್’ ಅಂತ ಪೂರ್ತಿ ಬರೆದಿದ್ದರೆ ಸಾಮಾನ್ಯವಾಗಿ ಅದು 20ನೇ ಶತಮಾನದ್ದು. ಆದರೆ ಇದನ್ನೇ ತಿರುಗಿಸಿ, ‘ಇಂಗ್ಲೆಂಡ್ ಅಂತ ಇಲ್ಲ, ಆದ್ದರಿಂದ 1891ಕ್ಕಿಂತ ಹಳೆಯದು’ ಅನ್ನಬೇಡಿ. ಅಮೆರಿಕದ ಕಾನೂನು ನಮ್ಮ ಕಡೆ ಬಂದ ಚಾಕುವನ್ನು ಕಟ್ಟಿಹಾಕುವುದಿಲ್ಲವಲ್ಲ. ಇದ್ದರೆ ಸಾಕ್ಷಿ, ಇಲ್ಲದಿದ್ದರೆ ಏನೂ ಅಲ್ಲ.

ಹೆಸರಿನ ಪಕ್ಕ ಒಂದು ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ (ನಾಲ್ಕು ಕೈಯೂ ತುದಿಯಲ್ಲಿ ಅಗಲವಾದದ್ದು) ಇದೆಯಲ್ಲ, ಅದು ರಾಜರ್ಸ್ ಗುರುತು. 1764ರಿಂದ ಅವರದ್ದು. ಶೆಫೀಲ್ಡಿನಲ್ಲಿ ಚಾಕು ಮಾಡುವವರ ಸಂಘ 1624ರಲ್ಲೇ ಪಾರ್ಲಿಮೆಂಟಿನ ಕಾಯ್ದೆಯಿಂದ ಹುಟ್ಟಿತು. ಯಾರ ಗುರುತು ಯಾವುದು ಅಂತ ದಾಖಲೆ ಇಡುವುದು ಆ ಸಂಘದ ಕೆಲಸವಾಗಿತ್ತು. ಅದರಿಂದ ನಮಗೆ ಮಾಡಿದವರು ಯಾರು ಅಂತ ಗೊತ್ತಾಗುತ್ತದೆ. ಯಾವಾಗ ಅಂತ ಗೊತ್ತಾಗುವುದಿಲ್ಲ, ಯಾಕೆಂದರೆ ಒಳ್ಳೆ ಗುರುತನ್ನು ಯಾರೂ ಬಿಡುವುದಿಲ್ಲ. ಇನ್ನೊಂದು ದೊಡ್ಡ ಕಂಪನಿ ಜಾರ್ಜ್ ವಾಸ್ಟನ್‌ಹೋಮ್. ಅವರ ಐ, ನಕ್ಷತ್ರ, ಎಕ್ಸ್, ಎಲ್ ಗುರುತು 1787ರದ್ದು. ಅದನ್ನು ‘ಐ ಎಕ್ಸೆಲ್’ ಅಂತ ಓದಬೇಕು, ನಾನೇ ಮೇಲು ಅಂತ ಅರ್ಥ. ಈ ಎರಡು ಹೆಸರಿನ ಕೊನೆಯಲ್ಲಿ ‘ಲಿಮಿಟೆಡ್’ ಇದೆಯಾ ನೋಡಿ. ರಾಜರ್ಸ್ ಲಿಮಿಟೆಡ್ ಆಗಿದ್ದು 1871ರಲ್ಲಿ, ವಾಸ್ಟನ್‌ಹೋಮ್ 1875ರಲ್ಲಿ. ಹಾಗೇ ಕಾಗುಣಿತವನ್ನೂ ನೋಡಿ. ಇಂಗ್ಲಿಷಿನಲ್ಲಿ ಈ ರಾಜರ್ಸ್‌ಗೆ ನಡುವೆ ಒಂದು ಡಿ ಇದೆ. ಡಿ ಇಲ್ಲದ ಹೆಸರು ಇವರದ್ದಲ್ಲ.

ಈಗ ಚಾಕು ತೆಗೆದುಕೊಂಡು ಕಿಟಕಿ ಹತ್ತಿರ ಹೋಗಿ. ಅಕ್ಷರ ಬಿಟ್ಟು ಲೋಹ ನೋಡಿ. ಹಿಡಿಯ ತುದಿಯಲ್ಲಿ, ಅಲಗು ತಿರುಗುವ ಕಡೆ, ಒಂದು ಲೋಹದ ಕಟ್ಟು ಇರುತ್ತದೆ. ಬಹಳ ಹಳೆಯದರಲ್ಲಿ ಅದು ಕಬ್ಬಿಣ. ನಿಮ್ಮದರಲ್ಲಿ ತೆಳು ಹಳದಿ ಬೆರೆತ ಬಿಳಿ. ಅದು ಜರ್ಮನ್ ಸಿಲ್ವರ್. ಹೌದು, ಈಗ ಮದುವೆ ಮನೆಯಲ್ಲಿ ಅರಿಶಿನ ಕುಂಕುಮದ ತಟ್ಟೆ ಅಂತ ಕೊಡುತ್ತಾರಲ್ಲ, ಅದೇ ಹೆಸರಿನ ಲೋಹ. ಅದರಲ್ಲಿ ಬೆಳ್ಳಿ ಗುಲಗಂಜಿಯಷ್ಟೂ ಇಲ್ಲ. ತಾಮ್ರ, ಸತು, ನಿಕಲ್ ಅಷ್ಟೇ. ಅದು ಶೆಫೀಲ್ಡಿನಲ್ಲಿ ಬಳಕೆಗೆ ಬಂದದ್ದು ಸುಮಾರು 1830ರ ದಶಕದಲ್ಲಿ. ಇದೂ ನಿಮ್ಮ 1820ರ ಕಥೆಗೆ ಎದುರು ಸಾಕ್ಷಿ.

ಅಲಗು ಕಪ್ಪಗಾಗಿದೆ, ಕಲೆ ಬಿದ್ದಿದೆ ಅಂದರೆ ಮಾಮೂಲಿ ಉಕ್ಕು. ತುಕ್ಕು ಹಿಡಿಯದ ಉಕ್ಕನ್ನು ಶೆಫೀಲ್ಡಿನಲ್ಲೇ ಹ್ಯಾರಿ ಬ್ರೇರ್ಲಿ 1913ರಲ್ಲಿ ಕಂಡುಹಿಡಿದ. ಅಲಗಿನ ಮೇಲೆ ‘ಸ್ಟೇನ್‌ಲೆಸ್’ ಅಂತ ಇದ್ದರೆ ಮುಂದಿನ ಚರ್ಚೆಯೇ ಬೇಡ, ಮೊದಲ ಮಹಾಯುದ್ಧಕ್ಕಿಂತ ಹಿಂದೆ ಹೋಗುವುದು ಕಷ್ಟ. ನಿಮ್ಮದರಲ್ಲಿ ಆ ಪದ ಇಲ್ಲ. ಹಾಗಂತ ಅದು 1913ಕ್ಕಿಂತ ಹಿಂದಿನದು ಅಂತ ಆಗುವುದಿಲ್ಲ. ಮಾಮೂಲಿ ಉಕ್ಕಿನ ಚಾಕು ಆಮೇಲೂ ಎಷ್ಟೋ ವರ್ಷ ಮಾಡಿದರು. ಸಾಣೆಗೆ ಅದೇ ಚೆನ್ನ ಅನ್ನುವವರು ಈಗಲೂ ಇದ್ದಾರೆ, ನಾನೂ ಒಬ್ಬ.

ಹಿಡಿ ಯಾವುದರದ್ದು ಅಂತ ಕೇಳಿದ್ದೀರಿ. ಗೀರು ಗೀರಾಗಿ, ಕಂದು ತೊಗಟೆಯ ಹಾಗೆ ಕಾಣುತ್ತಿರುವುದು ಜಿಂಕೆ ಜಾತಿಯ ಕೊಂಬು. ಬಹುಶಃ ಕಡವೆಯದ್ದು. ಕಡವೆ ಪ್ರತಿ ಸಲ ಉದುರಿಸುವ ಕೊಂಬನ್ನು ಭಾರತದಿಂದ ಹಡಗಿನಲ್ಲಿ ಶೆಫೀಲ್ಡಿಗೆ ಒಯ್ಯುತ್ತಿದ್ದರು. ನಮ್ಮ ಕಾಡಿಂದ ಹೋದ ಕೊಂಬು ಹಿಡಿಯಾಗಿ ವಾಪಸು ಸಕಲೇಶಪುರಕ್ಕೆ ಬಂದಿರಬಹುದು. ಸುಮ್ನೆ ಊಹೆ, ಆದರೆ ನನಗೆ ಈ ಊಹೆ ಇಷ್ಟ.

ಬಿಳಿ ಹಿಡಿ ಇರುವವರಿಗೆ ಬೇರೆ ಪರೀಕ್ಷೆ. ಭೂತಕನ್ನಡಿ ಹಿಡಿದು ನೋಡಿ. ಸೂಜಿ ಚುಚ್ಚಿದ ಹಾಗೆ ಸಣ್ಣ ಕಪ್ಪು ಚುಕ್ಕಿ, ಗೆರೆ ಕಂಡರೆ ಮೂಳೆ. ತುದಿಯ ಅಡ್ಡ ಕೊಯ್ತದಲ್ಲಿ ಒಂದರ ಮೇಲೊಂದು ಹಾಯುವ ಬಾಗಿದ ಗೆರೆಗಳ ಜಾಲ ಕಂಡರೆ ಆನೆ ದಂತ. ಎರಡೂ ಇಲ್ಲದೆ, ನೇರವಾದ ಗೆರೆಗಳು ಅಳತೆ ಹಿಡಿದ ಹಾಗೆ ಓಡಿದ್ದರೆ ಸೆಲ್ಯುಲಾಯ್ಡ್. ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬರುತ್ತದೆ, ಯಾಕೆಂದರೆ ಅದನ್ನು ಮಾಡುವುದೇ ಕರ್ಪೂರ ಸೇರಿಸಿ. ಸೆಲ್ಯುಲಾಯ್ಡ್ ಇದ್ದರೆ ಚಾಕು 1870ಕ್ಕಿಂತ ಈಚಿನದು. ಇನ್ನೊಂದು ಮಾತು: ಹಳೆ ಸೆಲ್ಯುಲಾಯ್ಡ್ ಕೊಳೆಯುವಾಗ ಬಿಡುವ ಆವಿ ಪಕ್ಕದ ಚಾಕುಗಳಿಗೂ ತುಕ್ಕು ಹಿಡಿಸುತ್ತದೆ. ಅದನ್ನು ಬೇರೆ ಡಬ್ಬಿಯಲ್ಲಿ ಇಡಿ. ದಂತ ಅಂತ ಗೊತ್ತಾದರೆ ಮಾರುವ ಯೋಚನೆ ಬಿಡಿ. ನಮ್ಮಲ್ಲಿ ದಂತದ ವ್ಯಾಪಾರಕ್ಕೆ ನಿಷೇಧ ಇದೆ.

ಇಷ್ಟೆಲ್ಲ ಕಸರತ್ತು ಬೇಡದ ಒಂದು ಜಾತಿಯೂ ಇದೆ: ಹಣ್ಣು ಕತ್ತರಿಸುವ ಬೆಳ್ಳಿ ಅಲಗಿನ ಪುಟ್ಟ ಚಾಕು. ಸ್ಟೇನ್‌ಲೆಸ್ ಬರುವ ಮೊದಲು ಸೇಬು, ಪೇರುಹಣ್ಣು ಉಕ್ಕಿನ ಚಾಕುವಿನಲ್ಲಿ ಕೊಯ್ದರೆ ಹುಳಿಗೆ ಅಲಗು ಕಪ್ಪಾಗುತ್ತಿತ್ತು, ಹಣ್ಣಿಗೆ ಕಬ್ಬಿಣದ ರುಚಿ ಬರುತ್ತಿತ್ತು. ಅದಕ್ಕೇ ಉಳ್ಳವರು ಜೇಬಿನಲ್ಲಿ ಬೆಳ್ಳಿ ಚಾಕು ಇಟ್ಟುಕೊಳ್ಳುತ್ತಿದ್ದರು. ಮುತ್ತಿನ ಚಿಪ್ಪಿನ ಹಿಡಿ, ಬೆರಳುದ್ದದ ಅಲಗು. ಆ ಅಲಗಿನ ಮೇಲೆ ಅಕ್ಕಿಕಾಳಿನಷ್ಟು ಚಿಕ್ಕ ಮುದ್ರೆಗಳು ಸಾಲಾಗಿ ಇರುತ್ತವೆ. ನಡೆಯುವ ಸಿಂಹ ಅಂದರೆ ನೂರಕ್ಕೆ ತೊಂಬತ್ತೆರಡೂವರೆ ಪಾಲು ಬೆಳ್ಳಿ. ಕಿರೀಟ ಇದ್ದರೆ ಶೆಫೀಲ್ಡಿನಲ್ಲಿ ಪರೀಕ್ಷೆ ಆದದ್ದು, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮಿನಲ್ಲಿ. ಗಮನಿಸಿ, ಇಲ್ಲಿ ಕಿರೀಟಕ್ಕೂ ರಾಜನಿಗೂ ಸಂಬಂಧ ಇಲ್ಲ, ಅದು ಊರಿನ ಗುರುತು. ರಾಜನದೋ ರಾಣಿಯದೋ ತಲೆ ಇದ್ದರೆ ಸುಂಕ ಕಟ್ಟಿದೆ ಅಂತ ಅರ್ಥ. ಆ ತಲೆ 1784ರಲ್ಲಿ ಬಂದು 1890ರಲ್ಲಿ ನಿಂತಿತು. ಕೊನೆಗೆ ಒಂದೇ ಒಂದು ಅಕ್ಷರ. ಆ ಅಕ್ಷರ ವರ್ಷ ವರ್ಷ ಬದಲಾಗುತ್ತದೆ, ಸುತ್ತು ಮುಗಿದ ಮೇಲೆ ಅಕ್ಷರದ ಶೈಲಿ, ಅದರ ಸುತ್ತಿನ ಚೌಕಟ್ಟು ಬದಲಾಗುತ್ತದೆ. ಪಟ್ಟಿ ಮುಂದಿಟ್ಟುಕೊಂಡು ಹೊಂದಿಸಿದರೆ ವರ್ಷವೇ ಸಿಗುತ್ತದೆ. ಹೊಸದಾಗಿ ಸಂಗ್ರಹ ಶುರು ಮಾಡುವವರಿಗೆ ನಾನು ಇದನ್ನೇ ಹೇಳುವುದು: ಮೊದಲು ಒಂದು ಬೆಳ್ಳಿ ಹಣ್ಣಿನ ಚಾಕು ತೆಗೆದುಕೊಳ್ಳಿ, ಮುದ್ರೆ ಓದಿ ಕಣ್ಣು ಪಳಗಲಿ.

ಮಿಲಿಟರಿ ಚಾಕುಗಳೂ ಸುಲಭ. ದಪ್ಪ ಕಪ್ಪು ಹಿಡಿ, ಹಗ್ಗದ ಗಂಟು ಬಿಡಿಸುವ ಮೊಳೆ, ಮೇಲೆ ಬಾಣದ ತುದಿಯ ಗುರುತು. ಬಾಣ ಅಂದರೆ ಬ್ರಿಟಿಷ್ ಸರ್ಕಾರದ ಸ್ವತ್ತು. ಎಷ್ಟೋ ಸಲ ಪಕ್ಕದಲ್ಲೇ ಇಸವಿಯೂ ಇರುತ್ತದೆ.

ಕೊಳ್ಳುವ ಆಸೆ ಹುಟ್ಟಿದ್ದರೆ ಒಂದು ಎಚ್ಚರ. ಎರಡು ಹಾಳು ಚಾಕು ಸೇರಿಸಿ ಒಂದು ಮಾಡುವವರು ಇದ್ದಾರೆ. ಎರಡೂ ಅಲಗಿನ ಬುಡದಲ್ಲಿ ಒಂದೇ ಹೆಸರಿದೆಯಾ ನೋಡಿ. ಹಿಡಿಯ ಪಿನ್ನುಗಳಲ್ಲಿ ಒಂದು ಮಾತ್ರ ಹೊಳೆಯುತ್ತಿದ್ದರೆ ಯಾರೋ ಬಿಚ್ಚಿದ್ದಾರೆ. ಅಲಗು ತೆರೆಯಲು ಉಗುರು ಸಿಕ್ಕಿಸುವ ಗೀರು ಇರುತ್ತದಲ್ಲ, ಅದರಿಂದ ಹರಿತದ ಅಂಚಿಗೆ ಇರುವ ಜಾಗ ನೋಡಿ. ಜಾಗ ತೀರಾ ಕಮ್ಮಿ ಇದ್ದರೆ ಸಾಣೆ ಹಿಡಿದು ಹಿಡಿದು ಅರ್ಧ ಅಲಗು ಹೋಗಿದೆ. ಮುಚ್ಚುವಾಗ ಸ್ಪ್ರಿಂಗ್ ‘ಟಕ್’ ಅನ್ನಬೇಕು. ಸದ್ದಿಲ್ಲದೆ ಮುಚ್ಚಿದರೆ ದಣಿದಿದೆ ಅಂತ ಲೆಕ್ಕ.

ಶುಚಿ ಮಾಡುವುದು ಹೇಗೆ ಅಂತಲೂ ಕೇಳಿದ್ದೀರಿ. ದಯವಿಟ್ಟು ಹುಣಸೆಹಣ್ಣು ಹಾಕಬೇಡಿ. ನಾನು ಹಾಕಿದ್ದೆ. ಒಳಗಿನ ಹಿತ್ತಾಳೆ ತಗಡು ದೇವರ ದೀಪದ ಹಾಗೆ ಫಳಫಳ ಆಯಿತು, ಅಲಗು ಬಾಣಲೆ ತಳದ ಹಾಗೆ ಕಪ್ಪಾಯಿತು. ಆ ಕಪ್ಪು ತೆಗೆಯಲು ಉಪ್ಪು ಕಾಗದ ಹಿಡಿದು ಉಜ್ಜಿದೆ. ಅಲಗಿನ ಮೇಲೆ ಆಸಿಡ್‌ನಲ್ಲಿ ತೆಳುವಾಗಿ ಬರೆದ ಅಂಗಡಿ ಹೆಸರೊಂದಿತ್ತು, ಅದೂ ಹೋಯಿತು. ಆ ಚಾಕುವಿನ ವಯಸ್ಸು ಹೇಳಲು ಇದ್ದ ಒಂದೇ ದಾರಿ ಅದು. ಈಗ ಅದರಲ್ಲಿ ಲಕೋಟೆ ಹರಿಯುತ್ತೇನೆ. ಹೊಲಿಗೆ ಮಿಷನ್ನಿಗೆ ಹಾಕುವ ಎಣ್ಣೆ ಒಂದು ತೊಟ್ಟು, ಹಳೆ ಪಂಚೆ ತುಂಡು, ಅಷ್ಟು ಸಾಕು. ಕೊಬ್ಬರಿ ಎಣ್ಣೆ ಬೇಡ, ದಿನ ಕಳೆದರೆ ಅಂಟಾಗುತ್ತದೆ. ಚರ್ಮದ ಚೀಲದಲ್ಲಿ ಮಡಚಿಡಬೇಡಿ, ಚರ್ಮ ಹದ ಮಾಡಿದ ರಸಾಯನ ಉಕ್ಕನ್ನು ತಿನ್ನುತ್ತದೆ.

ಮತ್ತೆ ನಿಮ್ಮ ಚಾಕುವಿಗೆ ಬಂದರೆ, ಗುರುತುಗಳು ಹೇಳುವುದು ಇಷ್ಟು: 1910ಕ್ಕಿಂತ ಹಿಂದಿನದಲ್ಲ, ಜಿ.ಆರ್. ಮುದ್ರೆಯ ಕಾಲ 1952ಕ್ಕೆ ಮುಗಿಯಿತು. ಇನ್ನೂ ಹತ್ತಿರ ಹೋಗಬೇಕಾದರೆ ಚಾಕು ಬಿಟ್ಟು ಟ್ರಂಕು ನೋಡಿ. ಅಜ್ಜ ಆ ತೋಟ ಸೇರಿದ್ದು ಯಾವಾಗ, ದೊರೆ ತೋಟ ಮಾರಿ ಹೋದದ್ದು ಯಾವಾಗ? ಸಂಬಳದ ಚೀಟಿ, ಹಳೆ ಕಾಗದ, ಫೋಟೋ ಹಿಂದಿನ ಬರಹ ಏನಾದರೂ ಸಿಗಬಹುದು. ಅಜ್ಜಿ ಹೇಳುತ್ತಿದ್ದ ಮಾತನ್ನೂ ಇವತ್ತೇ ಒಂದು ಚೀಟಿಯಲ್ಲಿ ಬರೆದು, ಚಾಕುವಿನ ಜೊತೆ ಅದೇ ಡಬ್ಬಿಯಲ್ಲಿ ಇಡಿ. ಸೇರಿದ ವರ್ಷ ಸಿಕ್ಕರೆ ನನಗೂ ತಿಳಿಸಿ.