ಸಿಲಿಂಡರಿನ ಅನಿಲದಿಂದ ಆಲ್ಕೊಹಾಲ್: ಸುತ್ತುದಾರಿ ಏಕೆ?

ಸಾಗರದಲ್ಲಿ ಗಣಪತಿ ಹಬ್ಬದ ಸಂತರ್ಪಣೆಗೆ ದೊಡ್ಡ ಒಲೆ ಹಚ್ಚಿ ಅರ್ಧ ಗಂಟೆಯಾಯಿತೆಂದರೆ ಸಿಲಿಂಡರ್ ಬೆವರುತ್ತದೆ. ಬೆವರು ಒಂದು ಮಟ್ಟದವರೆಗೆ ಮಾತ್ರ. ಅಡುಗೆಭಟ್ಟರು ಆ ಗೆರೆ ನೋಡಿಯೇ ಪಾಯಸಕ್ಕೆ ಅನಿಲ ಸಾಲುತ್ತದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಗೆರೆಯ ಕೆಳಗಿರುವುದು ದ್ರವರೂಪದ ಪ್ರೊಪೇನ್ ಮತ್ತು ಬ್ಯೂಟೇನ್. ಆವಿಯಾಗಲು ಬೇಕಾದ ಶಾಖವನ್ನು ಅವು ಸಿಲಿಂಡರಿನ ಮೈಯಿಂದಲೇ ಹೀರುತ್ತವೆ.

ಬಾವಿಯಿಂದ ಬಂದ ನೈಸರ್ಗಿಕ ಅನಿಲವನ್ನು ತಂಪಾಗಿಸಿದಾಗ ಮೀಥೇನಿನಿಂದ ಬೇರ್ಪಡುವ ಈಥೇನ್, ಪ್ರೊಪೇನ್, ಬ್ಯೂಟೇನ್, ಪೆಂಟೇನ್‌ಗಳೇ ನೈಸರ್ಗಿಕ ಅನಿಲ ದ್ರವಗಳು. ಪ್ರೊಪೇನ್ ಕುದಿಯುವುದು ಮೈನಸ್ 42 ಡಿಗ್ರಿಯಲ್ಲಿ, ಮೀಥೇನ್ ಮೈನಸ್ 161ರಲ್ಲಿ. ಬಹುಪಾಲು ಮೀಥೇನೇ ಆಗಿರುವ ನಮ್ಮ ಕಡೆಯ ಗೋಬರ್ ಗ್ಯಾಸನ್ನು ಹೀಗೆ ದ್ರವ ಮಾಡಿ ಸಿಲಿಂಡರಿಗೆ ತುಂಬಲಾಗದಿರುವುದು ಇದರಿಂದಲೇ.

ಈಥೇನಿಗೆ ಒಂದು ಆಮ್ಲಜನಕ ಪರಮಾಣು ಸೇರಿದರೆ ಎಥನಾಲ್ ಎಂಬ ಆಲ್ಕೊಹಾಲ್. ಕಾಗದದ ಮೇಲೆ ಒಂದೇ ಸಾಲು. ತೊಡಕಿರುವುದು ಆಮ್ಲಜನಕ ಸೇರಿಸುವುದರಲ್ಲಲ್ಲ, ಅಲ್ಲಿಗೇ ನಿಲ್ಲಿಸುವುದರಲ್ಲಿ. ಈಥೇನಿನ ಇಂಗಾಲ–ಜಲಜನಕ ಬಂಧ ಮುರಿಯಲು ಮೋಲಿಗೆ ಸುಮಾರು 420 ಕಿಲೋಜೂಲ್ ಬೇಕು. ಎಥನಾಲಿನಲ್ಲಿ ಹೈಡ್ರಾಕ್ಸಿಲ್ (ಆಮ್ಲಜನಕ–ಜಲಜನಕದ ಜೋಡಿ, OH) ಹೊತ್ತ ಇಂಗಾಲದ ಮೇಲಿನ ಬಂಧಕ್ಕೆ ಸುಮಾರು 400 ಸಾಕು. ಈಥೇನನ್ನು ಕದಲಿಸುವಷ್ಟು ಬಿಸಿಯಲ್ಲಿ ಆಗತಾನೇ ಹುಟ್ಟಿದ ಎಥನಾಲ್ ಉಳಿಯುವುದೆಂತು? ಅದು ಅಸಿಟಾಲ್ಡಿಹೈಡ್ ಆಗಿ, ಕೊನೆಗೆ ಇಂಗಾಲದ ಡೈಆಕ್ಸೈಡ್ ಆಗಿ ಮುಗಿಯುತ್ತದೆ.

ಆದ್ದರಿಂದ ಕಾರ್ಖಾನೆಗಳು ಬಳಸುವುದು ಸುತ್ತುದಾರಿ. ಈಥೇನನ್ನು ಹಬೆಯೊಂದಿಗೆ 800 ಡಿಗ್ರಿಗೂ ಮೇಲೆ ಕಾಯಿಸಿ, ಜಲಜನಕ ಕಳಚಿ, ಎಥಿಲೀನ್ ಮಾಡುತ್ತಾರೆ. ಆಮೇಲೆ ಫಾಸ್ಫಾರಿಕ್ ಆಮ್ಲದ ವೇಗವರ್ಧಕದ ಮೇಲೆ ಸುಮಾರು 300 ಡಿಗ್ರಿ, 60–70 ವಾತಾವರಣ ಒತ್ತಡದಲ್ಲಿ ಅದರ ದ್ವಿಬಂಧಕ್ಕೆ ನೀರು ಸೇರಿಸುತ್ತಾರೆ. 28 ಗ್ರಾಂ ಎಥಿಲೀನ್, 18 ಗ್ರಾಂ ನೀರು, ಒಟ್ಟು 46 ಗ್ರಾಂ ಎಥನಾಲ್. ಆದರೆ ಒಂದು ಸುತ್ತಿಗೆ ಎಥಿಲೀನಿನ ಶೇ. 5ರಷ್ಟೇ ಬದಲಾಗುತ್ತದೆ, ಉಳಿದದ್ದನ್ನು ಮತ್ತೆ ಮತ್ತೆ ಒಳಗೆ ಬಿಡಬೇಕು. ಕ್ರಿಯೆ ಶಾಖ ಬಿಡುವಂಥದ್ದು, ಹಾಗಾಗಿ ಬಿಸಿ ಏರಿಸಿದರೆ ವೇಗ ಹೆಚ್ಚಿ ಇಳುವರಿ ಕುಗ್ಗುತ್ತದೆ. ಪರೀಕ್ಷೆಯಲ್ಲಿ ಕೇಳುವುದು ಸಾಮಾನ್ಯವಾಗಿ ಈ ಜಗ್ಗಾಟವನ್ನೇ.

ಪ್ರೊಪೇನಿನ ವಿಷಯದಲ್ಲಿ ನಾನು ಒಮ್ಮೆ ಅಂಕ ಕಳೆದುಕೊಂಡಿದ್ದೇನೆ. ಪ್ರೊಪೇನಿನಿಂದ ಹೀಗೆಯೇ ಜಲಜನಕ ಕಳಚಿ ಸಿಗುವ ಪ್ರೊಪಿಲೀನಿಗೆ ನೀರು ಸೇರಿದರೆ 1-ಪ್ರೊಪನಾಲ್ ಎಂದು ಬರೆದಿದ್ದೆ. ಮಾರ್ಕೊನಿಕಾಫ್ ನಿಯಮದಂತೆ ಜಲಜನಕ ಹೋಗುವುದು ಈಗಾಗಲೇ ಹೆಚ್ಚು ಜಲಜನಕವಿರುವ ತುದಿಗೆ. ಉಳ್ಳವರ ಮನೆಗೇ ಉಡುಗೊರೆ. ಹೈಡ್ರಾಕ್ಸಿಲ್ ನಡುವಿನ ಇಂಗಾಲಕ್ಕೆ ಅಂಟಿ ಐಸೊಪ್ರೊಪನಾಲ್ ಆಗುತ್ತದೆ. ಸ್ಯಾನಿಟೈಸರಿನಲ್ಲಿ ಇದನ್ನೂ ಬಳಸುತ್ತಾರೆ. ಇದರಿಂದ ಜಲಜನಕ ತೆಗೆದರೆ ಅಸಿಟೋನ್. ಅಮೆರಿಕದಲ್ಲಿ 1920ರಲ್ಲೇ ಐಸೊಪ್ರೊಪನಾಲಿನ ತಯಾರಿಕೆ ಆರಂಭವಾಗಿತ್ತು.

ನೇರದಾರಿ ಒಪ್ಪುವುದು ಬ್ಯೂಟೇನಿನ ಕವಲೊಡೆದ ರೂಪವಾದ ಐಸೊಬ್ಯೂಟೇನಿಗೆ. ಆಮ್ಲಜನಕದೊಂದಿಗೆ ವರ್ತಿಸಿ ಅದು ಹೈಡ್ರೊಪೆರಾಕ್ಸೈಡಿನ ಜೊತೆಗೆ ಟರ್ಷಿಯರಿ ಬ್ಯೂಟೈಲ್ ಆಲ್ಕೊಹಾಲನ್ನು ಕೊಡುತ್ತದೆ. ಹೈಡ್ರಾಕ್ಸಿಲ್ ಹೊತ್ತ ಇಂಗಾಲಕ್ಕೆ ಅಂಟಿದ ಜಲಜನಕವೇ ಅಲ್ಲಿಲ್ಲ. ಮುಂದಿನ ಉತ್ಕರ್ಷಣೆಗೆ ಸುಲಭದ ಹಿಡಿಕೆ ಸಿಗುವುದಿಲ್ಲ. ಪೆಟ್ರೋಲಿಗೆ ಬೆರೆಸಿದರೆ ಇದು ಆಕ್ಟೇನ್ ಮಟ್ಟ ಹೆಚ್ಚಿಸುತ್ತದೆ. ಕರಗುವ ಬಿಂದು ಸುಮಾರು 25 ಡಿಗ್ರಿ. ಡಿಸೆಂಬರಿನ ಒಂದು ಬೆಳಿಗ್ಗೆ ಶಿವಮೊಗ್ಗದ ಪ್ರಯೋಗಾಲಯದಲ್ಲಿ ಸೀಸೆ ಬಗ್ಗಿಸಿದರೆ ಹನಿಯೂ ಬೀಳಲಿಲ್ಲ. ಕೊಬ್ಬರಿ ಎಣ್ಣೆಯಂತೆ ಗಟ್ಟಿಯಾಗಿತ್ತು. ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು ಕಾದೆವು.