ಕಾರ್ಟೂನಿನ ಆನೆ ಯಾರು? ಅಮೆರಿಕದ ಪ್ರೈಮರಿ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆ

ಪ್ರಶ್ನೆ: 2016ರ ಅಮೆರಿಕ ಚುನಾವಣೆ ಸಮಯದ ಒಂದು ಕಾರ್ಟೂನ್ ನೋಡಿದೆ. ಟ್ರಂಪ್ ಭಾಷಣ ಮಾಡುತ್ತಿದ್ದಾರೆ, ಪಕ್ಕದಲ್ಲಿ ಆನೆ ತಲೆ ಮೇಲೆ ಕೈಹೊತ್ತು ಕೂತಿದೆ. ಆನೆ ರಿಪಬ್ಲಿಕನ್ ಪಕ್ಷದ ಚುನಾವಣಾ ಚಿಹ್ನೆ ಅಲ್ವಾ? ಹಾಗಾದರೆ ಟ್ರಂಪ್ ಅವರೇ ಆನೆ ಆಗಬೇಕಿತ್ತು. ತಮ್ಮದೇ ಚಿಹ್ನೆಯ ಜೊತೆ ಅವರಿಗೇಕೆ ಜಗಳ?

ಉತ್ತರ: ನಾಲ್ಕು ವರ್ಷಕ್ಕೊಮ್ಮೆ, ಅಮೆರಿಕದ ಚುನಾವಣೆ ಹತ್ತಿರ ಬಂದಾಗಲೆಲ್ಲ, ಈ ಪ್ರಶ್ನೆ ನನಗೆ ಬರುತ್ತದೆ. ಪ್ರತಿ ಸಲ ಎರಡು ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸುತ್ತಿದ್ದೆ. ಅದು ಸಾಲಲಿಲ್ಲ ಅಂತ ಕಾಣುತ್ತದೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ನಮ್ಮಲ್ಲಿ ಟಿಕೆಟ್ ಯಾರಿಗೆ ಅಂತ ತೀರ್ಮಾನಿಸುವುದು ಹೈಕಮಾಂಡ್. ಬಿ ಫಾರಂ ಕೈಗೆ ಬರುವವರೆಗೆ ಆಕಾಂಕ್ಷಿಗಳಿಗೆ ನಿದ್ದೆ ಇರುವುದಿಲ್ಲ. ಅಲ್ಲಿ ಆ ಟಿಕೆಟ್‌ಗೇ ಒಂದು ಚುನಾವಣೆ ನಡೆಯುತ್ತದೆ. ಅದೇ ಪ್ರೈಮರಿ. ಕಣದಲ್ಲಿ ಇರುವವರೆಲ್ಲ ಒಂದೇ ಪಕ್ಷದವರು. ಈ ಒಂದು ಮಾತು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

2016ರ ಟಿಕೆಟ್‌ಗೆ ರಿಪಬ್ಲಿಕನ್ ಪಕ್ಷದಿಂದ ಪ್ರಮುಖರೇ 17 ಜನ ನಿಂತಿದ್ದರು. 2015ರ ಆಗಸ್ಟ್‌ನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಮೊದಲ ಟಿವಿ ಚರ್ಚೆ ನಡೆದಾಗ ಒಂದೇ ವೇದಿಕೆ ಸಾಲದೆ, ಮುಖ್ಯ ಚರ್ಚೆಗೆ 10 ಜನ, ಅದಕ್ಕೂ ಮೊದಲಿನ ಇನ್ನೊಂದು ಚರ್ಚೆಗೆ 7 ಜನ ಅಂತ ಹಂಚಬೇಕಾಯಿತು. ಈಗ ನೀವೇ ಹೇಳಿ. ಆನೆ ಅಂದರೆ ಅಭ್ಯರ್ಥಿ ಅಂತಾದರೆ ಅಲ್ಲಿ 17 ಆನೆ ಬರೆಯಬೇಕು. ಯಾವ ಆನೆ ಯಾರು ಅಂತ ಗುರುತು ಹಿಡಿಯುವುದು ಹೇಗೆ? ಹಾಗಾಗಿ ಅಭ್ಯರ್ಥಿಗಳು ಮನುಷ್ಯರಾಗಿಯೇ ಬರುತ್ತಾರೆ. ಆನೆ ಅಂದರೆ ಅವರೆಲ್ಲ ಸೇರಿ ಎಳೆದಾಡುತ್ತಿರುವ ಪಕ್ಷ. ಕೆಲವು ಚಿತ್ರದಲ್ಲಿ ಅದು ಪಕ್ಷದ ಹಿರಿಯ ನಾಯಕರು, ಕೆಲವು ಚಿತ್ರದಲ್ಲಿ ಪಕ್ಷದ ಮತದಾರರು. ನೀವು ನೋಡಿದ ಆನೆ ತಲೆ ಮೇಲೆ ಕೈಹೊತ್ತಿದ್ದರೆ ಅದು ಹಿರಿಯ ನಾಯಕರ ಸಂಕಟ. ಅವರಲ್ಲಿ ಬಹಳ ಜನಕ್ಕೆ ಆಗ ಟ್ರಂಪ್ ಬೇಡವಾಗಿದ್ದರು.

ಈಗ ಆ ಹಟಮಾರಿ ತಪ್ಪು ಕಲ್ಪನೆಗೆ ಬರುತ್ತೇನೆ. ಆನೆ 'ಚುನಾವಣಾ ಚಿಹ್ನೆ' ಅನ್ನುವ ಮಾತು.

ನಮಗೆ ಹಾಗೆ ಅನ್ನಿಸುವುದು ಸಹಜ. 1951-52ರ ಮೊದಲ ಚುನಾವಣೆಯಿಂದಲೂ ನಾವು ಚಿತ್ರ ನೋಡಿ ಮತ ಹಾಕುತ್ತಾ ಬಂದವರು. ಚಿಹ್ನೆ ಕೊಡುವುದು ಚುನಾವಣಾ ಆಯೋಗ. ಆನೆ ಅಂದರೆ ನಮಗೆ ತಟ್ಟನೆ ಹೊಳೆಯುವುದು ಬಿಎಸ್‌ಪಿ. ಆದರೆ ರಿಪಬ್ಲಿಕನ್ನರ ಆನೆಯನ್ನು ಯಾವ ಆಯೋಗವೂ ಹಂಚಲಿಲ್ಲ. ಅದು ಜನಪ್ರಿಯವಾಗಿದ್ದೇ ಒಬ್ಬ ಕಾರ್ಟೂನಿಸ್ಟ್‌ನ ಕೈಯಲ್ಲಿ. ಹೆಸರು ಥಾಮಸ್ ನಾಸ್ಟ್. ಪತ್ರಿಕೆ ಹಾರ್ಪರ್ಸ್ ವೀಕ್ಲಿ, ಸಂಚಿಕೆ 1874ರ ನವೆಂಬರ್ 7.

ಆ ಚಿತ್ರವನ್ನು ನಿಧಾನವಾಗಿ ನೋಡಬೇಕು. ನಾನು ಯಾರಿಗೆ ಕಾರ್ಟೂನ್ ಓದುವುದನ್ನು ಹೇಳಿಕೊಟ್ಟರೂ ಅಲ್ಲಿಂದಲೇ ಶುರು ಮಾಡುತ್ತೇನೆ. ಆಗಿನ ಅಮೆರಿಕ ಅಧ್ಯಕ್ಷ, ರಿಪಬ್ಲಿಕನ್ ಪಕ್ಷದ ಗ್ರಾಂಟ್ ಮೂರನೇ ಸಲವೂ ನಿಲ್ಲುತ್ತಾರೆ, ರೋಮ್‌ನ ಸೀಸರ್ ಥರ ಅರಸನೇ ಆಗಿಬಿಡುತ್ತಾರೆ ಅಂತ ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆ ಗುಲ್ಲೆಬ್ಬಿಸಿತ್ತು. ನಾಸ್ಟ್ ಏನು ಮಾಡಿದ? ಸಿಂಹದ ತೊಗಲು ಹೊದ್ದ ಒಂದು ಕತ್ತೆ ಬರೆದ. ನಮ್ಮ ಪಂಚತಂತ್ರದಲ್ಲಿ ಹುಲಿಯ ತೊಗಲು ಹೊದ್ದು ಹೊಲಕ್ಕೆ ನುಗ್ಗುವ ಕತ್ತೆ ಇದೆಯಲ್ಲ, ಹೆಚ್ಚುಕಡಿಮೆ ಅದೇ. ಅದಕ್ಕೆ ಹೆದರಿ ಕಾಡಿನ ಪ್ರಾಣಿಗಳೆಲ್ಲ ಓಡುತ್ತಿವೆ. ಜಿರಾಫೆ ಒಂದು ಪತ್ರಿಕೆ, ಗೂಬೆ ಇನ್ನೊಂದು ಪತ್ರಿಕೆ. ಒಂದು ಗುಂಡಿಯ ಅಂಚಿನಲ್ಲಿ ದೊಡ್ಡ ಆನೆ, ಇನ್ನೇನು ಬೀಳುವ ಹಾಗಿದೆ. ಅದರ ಮೈಮೇಲೆ ಬರೆದಿರುವುದು ಎರಡೇ ಪದ: 'ರಿಪಬ್ಲಿಕನ್ ಮತ'.

ಗಮನಿಸಿದಿರಾ? ಗ್ರಾಂಟ್ ಅಂತ ಬರೆದಿಲ್ಲ. ಮತ ಅಂತ ಬರೆದಿದೆ. ಆ ಚಿತ್ರದಲ್ಲೇ ಆನೆ ಅಂದರೆ ಅಭ್ಯರ್ಥಿ ಅಲ್ಲ, ಮತದಾರರು. ಇನ್ನೊಂದು ವಿಷಯ. ಇವತ್ತು ಕಾರ್ಟೂನಿನ ಕತ್ತೆ ಅಂದರೆ ರಿಪಬ್ಲಿಕನ್ನರ ಎದುರಾಳಿ ಡೆಮಾಕ್ರಟಿಕ್ ಪಕ್ಷ. ಆದರೆ ಆ ಚಿತ್ರದ ಕತ್ತೆ ಡೆಮಾಕ್ರಟಿಕ್ ಪಕ್ಷವೇ ಅಲ್ಲ, ಹೆರಾಲ್ಡ್ ಪತ್ರಿಕೆ. ಡೆಮಾಕ್ರಟಿಕ್ ಪಕ್ಷ ಅಲ್ಲಿ ನರಿಯಾಗಿ ಇಣುಕುತ್ತಿದೆ. ಅಂದರೆ ಪ್ರಾಣಿಯ ಅರ್ಥ ಇದೇ ಅಂತ ಯಾರೂ ಕಾನೂನು ಮಾಡಿರಲಿಲ್ಲ. ಮುಂದೆ ರಿಪಬ್ಲಿಕನ್ನರು ಆನೆಯನ್ನು ತಮ್ಮದು ಅಂತ ಒಪ್ಪಿಕೊಂಡರು. ಡೆಮಾಕ್ರಟಿಕ್ ಪಕ್ಷ ಕತ್ತೆಯನ್ನು ಅಧಿಕೃತವಾಗಿ ಇವತ್ತಿಗೂ ಒಪ್ಪಿಲ್ಲ, ಆದರೂ ಕತ್ತೆ ಎಲ್ಲೆಲ್ಲೂ ಇದೆ. 2008ರಲ್ಲಿ ಒಬಾಮ ಮತ್ತು ಹಿಲರಿ ಕ್ಲಿಂಟನ್ ಟಿಕೆಟ್‌ಗಾಗಿ ಜನವರಿಯಿಂದ ಜೂನ್‌ವರೆಗೆ ಹೋರಾಡಿದರು. ಆ ಕಾಲದ ಚಿತ್ರದಲ್ಲಿ ಕತ್ತೆ ಸುಸ್ತಾಗಿದ್ದರೆ ಸುಸ್ತಾಗಿದ್ದು ಪಕ್ಷ.

ಆದ್ದರಿಂದ ಪ್ರೈಮರಿ ಕಾರ್ಟೂನ್ ಕೈಗೆ ಬಂದರೆ ಮೊದಲು ತಾರೀಖು ನೋಡಿ. ಆಮೇಲೆ ಪ್ರಾಣಿಯ ಮುಖ ನೋಡಿ. ಅಭ್ಯರ್ಥಿಯ ಮೂಗು, ಕೂದಲು ಆಮೇಲೆ. ನಾವು ನೋಡುವ ಕ್ರಮ ಉಲ್ಟಾ, ಅದಕ್ಕೇ ಎಡವುತ್ತೇವೆ.

ಇನ್ನೊಂದು ಎಡವಟ್ಟು ಟೋಪಿಯದು. ಅಭ್ಯರ್ಥಿ ಟೋಪಿ ಎಸೆಯುತ್ತಿರುವ ಚಿತ್ರ ನೋಡಿ 'ಜನರಿಗೆ ಟೋಪಿ ಹಾಕುತ್ತಿದ್ದಾನೆ' ಅಂತ ನಮ್ಮವರು ಓದಿಬಿಡುತ್ತಾರೆ. ಟೋಪಿ ಹಾಕುವುದು ಕನ್ನಡದ ಮಾತು. ಅವರಲ್ಲಿ ಬಾಕ್ಸಿಂಗ್ ಅಖಾಡಕ್ಕೆ ಟೋಪಿ ಎಸೆದರೆ 'ನಾನೂ ಸೆಣಸಾಟಕ್ಕೆ ಸಿದ್ಧ' ಅಂತ ಅರ್ಥ. 1912ರಲ್ಲಿ ರಿಪಬ್ಲಿಕನ್ ಪಕ್ಷದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ತಮ್ಮ ಟೋಪಿ ಅಖಾಡದಲ್ಲಿದೆ ಅಂದರು. ಕಾರ್ಟೂನಿಸ್ಟ್‌ಗಳು ಅದನ್ನು ಬಿಡಲಿಲ್ಲ.

ಅದೇ ವರ್ಷ ರೂಸ್ವೆಲ್ಟ್ ಬಹುಪಾಲು ಪ್ರೈಮರಿಗಳನ್ನು ಗೆದ್ದರು. ಆದರೆ ಆಗ ಕೊನೆಯ ತೀರ್ಮಾನ ಪಕ್ಷದ ಸಮಾವೇಶದ್ದು. ಷಿಕಾಗೋದಲ್ಲಿ ಸೇರಿದ ಆ ಸಮಾವೇಶ ಟಿಕೆಟ್ ಕೊಟ್ಟಿದ್ದು ಆಗ ಅಧ್ಯಕ್ಷರಾಗಿದ್ದ ಟಾಫ್ಟ್‌ಗೆ. ರೂಸ್ವೆಲ್ಟ್ ಹೊರಗೆ ಬಂದು ಬೇರೆ ಪಕ್ಷ ಕಟ್ಟಿದರು. ಆನೆ ಅವರ ಹಿಂದೆ ಹೋಗಲಿಲ್ಲ, ಟಾಫ್ಟ್ ಜೊತೆಯೇ ಉಳಿಯಿತು. ಹೊಸ ಪಕ್ಷಕ್ಕೆ ಮೂಸ್ ಅನ್ನುವ ದೊಡ್ಡ ಕೊಂಬಿನ ಜಿಂಕೆ ಬಂತು.

ರೂಸ್ವೆಲ್ಟ್ ಹೆಸರು ಬಂದಮೇಲೆ ಯಾರೂ ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಕ್ಲಿಫರ್ಡ್ ಬೆರಿಮನ್ ಅನ್ನುವ ಕಾರ್ಟೂನಿಸ್ಟ್‌ನ ಚಿತ್ರಗಳ ಮೂಲೆಯಲ್ಲಿ ಒಂದು ಪುಟ್ಟ ಕರಡಿ ಇರುತ್ತದೆ. 1902ರಲ್ಲಿ ಮಿಸಿಸಿಪಿಯಲ್ಲಿ ಬೇಟೆಗೆ ಹೋದ ರೂಸ್ವೆಲ್ಟ್, ಕಟ್ಟಿಹಾಕಿದ್ದ ಕರಡಿಗೆ ಗುಂಡು ಹೊಡೆಯಲು ಒಪ್ಪಲಿಲ್ಲ. ಬೆರಿಮನ್ ಅದನ್ನು ವಾಷಿಂಗ್ಟನ್ ಪೋಸ್ಟ್‌ನಲ್ಲಿ ಬರೆದರು. ನಿಮ್ಮ ಮನೆಯ ಮಕ್ಕಳು ತಬ್ಬಿಕೊಂಡು ಮಲಗುವ ಟೆಡ್ಡಿ ಬೇರ್ ಬಂದಿದ್ದು ಅಲ್ಲಿಂದಲೇ. ಮುಂದೆ ಆ ಕರಡಿ ಬೆರಿಮನ್ ಅವರ ಗುರುತೇ ಆಗಿಹೋಯಿತು. ಹಾಗಾಗಿ ಅವರ ಚಿತ್ರದಲ್ಲಿ ಕರಡಿ ಕಂಡರೆ ಅದು ಯಾವ ಪಕ್ಷ ಅಂತ ದಯವಿಟ್ಟು ನನಗೆ ಬರೆದು ಕೇಳಬೇಡಿ. ಅದು ಯಾವ ಪಕ್ಷವೂ ಅಲ್ಲ.