ಮೆ 262ರ ಮೈಬಣ್ಣ: ಸಂದಿಗೆಲ್ಲ ಕಪ್ಪು ಬಳಿಯಬೇಡಿ

ಎರಡನೇ ಮಹಾಯುದ್ಧದ ಜರ್ಮನ್ ಯುದ್ಧವಿಮಾನ ಮೆಸ್ಸರ್‌ಶ್ಮಿಟ್ ಮೆ 262 ಜೆಟ್‌ನ ಮಾಡೆಲ್‌ಗಳು ಸಾಮಾನ್ಯವಾಗಿ ಕೆಡುವುದು ಬಣ್ಣದಲ್ಲಲ್ಲ, ಗೆರೆಯಲ್ಲಿ. ತಗಡಿನ ಪ್ರತಿ ಸಂದಿಗೂ ಕಪ್ಪು ವಾಶ್ (ನೀರಾಗಿಸಿದ ಬಣ್ಣ) ಬಿಟ್ಟು ವಿಮಾನಕ್ಕೆ ಚೌಕಳಿ ಲುಂಗಿ ಉಡಿಸಿದಂತೆ ಮಾಡುತ್ತಾರೆ. ಗಾಳಿ ಸಲೀಸಾಗಿ ಹರಿಯಲೆಂದು ಕಾರ್ಖಾನೆಯಲ್ಲಿ ಸಂದುಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಆಮೇಲೆ ಬಣ್ಣ ಹೊಡೆಯುತ್ತಿದ್ದರು. 1945ರ ಮಾರ್ಚ್ ಕೊನೆಗೆ ಪರೀಕ್ಷಾ ಪೈಲಟ್ ಹಾನ್ಸ್ ಫೇ ಅಮೆರಿಕನ್ನರ ಕೈಗೊಪ್ಪಿಸಿದ 111711 ಸಂಖ್ಯೆಯ ವಿಮಾನಕ್ಕೆ ಬಣ್ಣವೇ ಆಗಿರಲಿಲ್ಲ. ಅದರ ಫೋಟೊ ನೋಡಿ: ಬರಿ ಲೋಹದ ಮೇಲೆ ಪುಟ್ಟಿಯ ಪಟ್ಟಿಗಳು. ವಾಶ್ ಬೇಕಿರುವುದು ಏಲರಾನ್, ಫ್ಲ್ಯಾಪ್, ಸ್ಲ್ಯಾಟ್, ಗನ್ ಮುಚ್ಚಳ, ಎಂಜಿನ್ ಕವಚ, ಅಂದರೆ ತೆರೆಯುವ ಅಥವಾ ಅಲುಗುವ ಕಡೆ ಮಾತ್ರ. ಅದೂ ಕಡು ಬೂದು, ಕಪ್ಪಲ್ಲ.

ಮೊದಮೊದಲಿನ ವಿಮಾನಗಳಿಗೆ ಜರ್ಮನ್ ಅಧಿಕೃತ ಬಣ್ಣಸಂಖ್ಯೆ 74 ಮತ್ತು 75ರ ಬೂದು ಛಾಯೆಗಳು. ನಂತರ ಬಂದದ್ದು ಕಂದು ನೇರಳೆಯ 81, ತಿಳಿಹಸಿರಿನ 82. ಹೊಟ್ಟೆಗೆ ತೆಳು ನೀಲಿಯ 76. ಯುದ್ಧದ ಕೊನೆಯಲ್ಲಿ 81 ಎಂಬ ಒಂದೇ ಸಂಖ್ಯೆಯ ಬಣ್ಣ ಒಮ್ಮೆ ಆಲಿವ್ ಹಸಿರಿಗೆ, ಒಮ್ಮೆ ಕಂದಿಗೆ ವಾಲಿದ್ದುಂಟು. ಬಾಟಲಿಯ ಮೇಲಿನ ಹೆಸರಿಗಾಗಿ ಜಗಳವಾಡುವುದು ದಂಡ. ಬಿಡಿಭಾಗಗಳು ಬೇರೆ ಬೇರೆ ಕಡೆ ತಯಾರಾಗಿ ಬರುತ್ತಿದ್ದುದರಿಂದ ಬಾಲದ ಬಣ್ಣ ಮೈಗೆ ಹೊಂದದಿದ್ದರೂ ಅದು ತಪ್ಪಲ್ಲ.

ಮೊದಲು 76, ಆಮೇಲೆ 82, ಕೊನೆಗೆ 81 ಹೊಡೆಯಿರಿ. ಪಕ್ಕದ ಮಚ್ಚೆಗಳಿಗೆ 1 ಪಾಲು ಬಣ್ಣಕ್ಕೆ 2 ಪಾಲು ಥಿನ್ನರ್, ಏರ್‌ಬ್ರಶ್‌ನ ಗಾಳಿಯ ಒತ್ತಡ 12ರಿಂದ 15 ಪಿಎಸ್‌ಐ. ಒತ್ತಡ ಹೆಚ್ಚಾದರೆ ಬಣ್ಣ ಜೇಡದಂತೆ ಕಾಲು ಚಾಚುತ್ತದೆ. ಥಿನ್ನರ್ ಕಡಿಮೆಯಾದರೆ ಮರಳು ಮರಳಾಗುತ್ತದೆ. ನಿಜದಲ್ಲಿ 20 ಸೆಂಟಿಮೀಟರಿನ ಮಚ್ಚೆ 1/48 ಅಳತೆಯ ಮಾಡೆಲ್‌ನಲ್ಲಿ 4 ಮಿಲಿಮೀಟರ್, 1/72ರಲ್ಲಿ 3ಕ್ಕೂ ಕಡಿಮೆ. ಹೆಚ್ಚಿನವರು ಇದರ ಎರಡರಷ್ಟು ದಪ್ಪಗೆ ಹೊಡೆಯುತ್ತಾರೆ.

ಡೆಕಾಲ್‌ಗೆ (ಅಂಟಿಸುವ ಗುರುತುಚಿತ್ರಕ್ಕೆ) ಮುಂಚೆ ಹೊಳಪಿನ ಗ್ಲಾಸ್ ಕೋಟ್ ಬೇಕೇ ಬೇಕು. ಹೊಳಪಿಲ್ಲದ ಮ್ಯಾಟ್ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ನಿಂತು ಬೆಳ್ಳಗೆ ಹೊಳೆಯುತ್ತದೆ. ಶಿಲುಬೆ ಸಾಮಾನ್ಯವಾಗಿ ರೆಕ್ಕೆಯ ಮೇಲೆ ಬರಿ ಬಿಳಿ ಅಂಚು, ಕೆಳಗೆ ಕಪ್ಪು. ಬಾಲದ ಹಾಕೆನ್‌ಕ್ರಾಯ್ಟ್ಸ್ (ನಾಜಿ ಚಿಹ್ನೆ) ಅನ್ನು ಅನೇಕ ಕಿಟ್‌ಗಳು ಕೊಡುವುದೇ ಇಲ್ಲ, ಇಲ್ಲವೇ ಎರಡು ತುಂಡು ಮಾಡಿ ಕೊಡುತ್ತವೆ. ಕೈ ಅಭ್ಯಾಸಕ್ಕೆ ಹೊಸಿಲ ಸ್ವಸ್ತಿಕದಂತೆ ನೆಟ್ಟಗೆ ಕೂರಿಸಬೇಡಿ; ಅದು 45 ಡಿಗ್ರಿ ವಾಲಿ ಮೂಲೆಯ ಮೇಲೆ ನಿಲ್ಲುತ್ತದೆ. ಯೇಗರ್ (ಫೈಟರ್) ತುಕಡಿ ಜೆಜಿ 7ಕ್ಕೆ ಸಂಖ್ಯೆ, ಜೊತೆಗೆ ಬಾಲದ ಹತ್ತಿರ ನೀಲಿ ಕೆಂಪು ಪಟ್ಟಿ. ಬಾಂಬರ್ ತುಕಡಿ ಕೆಜಿ 51ಕ್ಕೆ 9ಕೆ ಸಂಕೇತ, ಅದರ ನಂತರ ಅಕ್ಷರಗಳು. ಎರಡನ್ನೂ ಒಂದೇ ವಿಮಾನಕ್ಕೆ ಹಚ್ಚಬೇಡಿ.

ಬಣ್ಣ ಎದ್ದ ಗುರುತುಗಳನ್ನು ಎರಚಬೇಡಿ; ಈ ವಿಮಾನಗಳ ಬಾಳೇ ಕೆಲವು ವಾರ, ತಿಂಗಳು. ರೆಕ್ಕೆಯುದ್ದಕ್ಕೂ ಪಿಸ್ಟನ್ ವಿಮಾನದಂತೆ ಮಸಿ ಎಳೆಯುವುದೂ ತಪ್ಪು. ಯುಮೊ 004 ಎಂಜಿನ್ ಸುಮಾರು 25 ಗಂಟೆಗೇ ಕಳಚಬೇಕಿತ್ತು. ಹಾಗಾಗಿ ಒಂದು ಎಂಜಿನ್ ಕವಚ ಬೇರೆ ಛಾಯೆಯಲ್ಲಿದ್ದರೆ ಚೆಂದವೇ. ಸುಟ್ಟ ಕಂದು ಛಾಯೆ ಹಿಂದಿನ ನಳಿಕೆಗಷ್ಟೇ ಸಾಕು.